ಅರೆವೀಳ್ಯದ ಬಂಡೆ

ಸಿರಿವಾಳಗುಂದಿಯಲ್ಲಿ ಬಸ್ಸಿಳಿದು ಪೂರ್ವಕ್ಕೆ ಮುಖಮಾಡಿದರೆ ಎದುರಿಗೆ ಕಾಣುವ ಬೋಳು ಗುಡ್ಡವೇ ನಮ್ಮದು. ದೊಡ್ಡ ಗುಡ್ಡವೇನಲ್ಲ. ಸುತ್ತಲಿನ ಊರುಗಳ ಗುಡ್ಡಗಳಿಗೆ ಕೋಟೆಯಿದೆ, ಗವಿಯಿದೆ, ನೋಡಲು ಬರುವ ಜನರಿದ್ದಾರೆ, ಅವರಿಗೆ ಕಬ್ಬಿನಹಾಲು ಮಾರುವವರೂ ಇದ್ದಾರೆ. ನಮ್ಮ ಗುಡ್ಡಕ್ಕಿರುವುದು ನೆತ್ತಿಯ ಮೇಲೊಂದು ಮುರುಕು ಚಾವಡಿ, ಇಳಿಜಾರಿನ ನಡುವೆ ಒಂದು ಚಪ್ಪಟೆ ಬಂಡೆ. ಇದರಿಂದ ನನಗೆ ಬೇಸರವಿಲ್ಲ ಎಂದರೆ ಸುಳ್ಳಾದೀತು. ಆ ಬಂಡೆಯ ಮೇಲೆ ಇಬ್ಬರು ಎದುರುಬದುರಾಗಿ ಕೂರುವಂತೆ ಎರಡು ತಗ್ಗುಗಳಿವೆ. ಅದನ್ನು ಅರೆವೀಳ್ಯದ ಬಂಡೆ ಎನ್ನುತ್ತಾರೆ. ಅರೆ ಎಂದರೆ ಹಳೆಯ ಕನ್ನಡದಲ್ಲಿ ಬಂಡೆ, ಆದ್ದರಿಂದ ಇದು ವೀಳ್ಯದೆಲೆಯ ಆಕಾರದ ಬಂಡೆಯಿರಬೇಕು ಎಂದು ಒಬ್ಬ ವಿದ್ವಾಂಸರು ಬರೆದರು. ಅರೆಯುವುದು ಎಂದರೆ ತೇಯುವುದು, ಇಲ್ಲಿ ಯಾರೋ ವೈದ್ಯರು ಎಲೆಯ ರಸ ಅರೆಯುತ್ತಿದ್ದಿರಬೇಕು ಎಂದು ಇನ್ನೊಬ್ಬರು ಬರೆದರು. ಒಂದು ಪದಕ್ಕೆ ಹಲವು ಅರ್ಥ ಸಿಕ್ಕರೆ ಇಂಥವರಿಗೆ ಹಬ್ಬ. ಇಬ್ಬರೂ ಗುಡ್ಡ ಹತ್ತಿ ಬಂದರು, ಬಂಡೆಯನ್ನು ಅಳೆದರು, ಇಳಿದು ಹೋದರು. ದಾರಿಯಲ್ಲಿ ಸಿಕ್ಕ ಯಾವ ಮುದುಕಿಯನ್ನಾದರೂ ಕೇಳಿದ್ದರೆ ಅರೆ ಎಂದರೆ ಇಲ್ಲಿ ಅರ್ಧ ಎಂದೇ ಹೇಳುತ್ತಿದ್ದಳು, ಯಾರ ಅರ್ಧ ಎಂಬುದನ್ನೂ ಹೇಳುತ್ತಿದ್ದಳು. ಅವರು ಕೇಳಲಿಲ್ಲವಾದ್ದರಿಂದ ನಾನು ಬರೆಯಬೇಕಾಗಿದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಪ್ಪ ನಾಯಕನೆಂಬ ಬೇಡರ ಪಾಳೆಯಗಾರ ಆಳುತ್ತಿದ್ದನಂತೆ. ಪ್ರತಿ ವರ್ಷ ನವರಾತ್ರಿಯ ಕೊನೆಯ ಸಂಜೆ ಅವನು ಗುಡ್ಡದ ಮೇಲಿನ ಚಾವಡಿಯಲ್ಲಿ ಸಭೆ ಕೂಡಿಸುತ್ತಿದ್ದ. ಕಾಳಗಕ್ಕಿಂತ ಮಾತೇ ಅವನಿಗೆ ಹೆಚ್ಚು ಪ್ರಿಯವಾಗಿತ್ತು, ಅದರಲ್ಲೂ ಒಂದು ಮಾತಿನ ಹೊಟ್ಟೆಯಲ್ಲಿ ಇನ್ನೊಂದು ಮಾತನ್ನಿಟ್ಟ ಶ್ಲೇಷೆಯ ಪದ್ಯವೆಂದರೆ ಊಟವನ್ನೂ ಮರೆಯುತ್ತಿದ್ದ. ಅಂಥ ಪದ್ಯಗಳನ್ನು ಕಟ್ಟುವವನು ರೇವಯ್ಯ. ಅವುಗಳನ್ನು ಸಭೆಗೆ ಬಿಡಿಸಿ ಹೇಳುವವನು ಅಡಿವೆಯ್ಯ. ಇಬ್ಬರೂ ಊರ ಮಠದಲ್ಲಿ ಒಂದೇ ಗುರುವಿನ ಮುಂದೆ ಕುಳಿತು ಕಲಿತವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ರೇವಯ್ಯನಿಗೆ ಪದಗಳು ಹೇಳಿದ ಮಾತು ಕೇಳುತ್ತಿದ್ದವು. ಒಂದು ಸಾಲನ್ನು ಇಲ್ಲಿ ಮುರಿದರೆ ಶಿವನ ಮದುವೆ, ಅಲ್ಲಿ ಮುರಿದರೆ ಊರಿನ ಸುಗ್ಗಿ, ಹಾಗೆ ಕಟ್ಟುತ್ತಿದ್ದ. ಅಡಿವೆಯ್ಯನಿಗೆ ಒಂದು ಸಾಲೂ ಕಟ್ಟಲು ಬರುತ್ತಿರಲಿಲ್ಲ, ಆದರೆ ಬೇರೆಯವರು ಕಟ್ಟಿದ್ದು ಎಷ್ಟೇ ಬಿಗಿಯಾಗಿದ್ದರೂ ಅವನ ಕೈಗೆ ಬಿಚ್ಚಿಕೊಳ್ಳುತ್ತಿತ್ತು.

ಆ ಸಭೆಗೆ ಒಂದು ಕಟ್ಟಳೆಯಿತ್ತು. ನಾಯಕನ ಅಜ್ಜನ ಕಾಲದಲ್ಲಿ ಇಬ್ಬರು ಕವಿಗಳು ನಾನು ಹೆಚ್ಚು ನೀನು ಹೆಚ್ಚು ಎಂದು ಚಾವಡಿಯಲ್ಲೇ ಜುಟ್ಟು ಹಿಡಿದುಕೊಂಡಾಗ ಆ ಅಜ್ಜ ಮಾಡಿದ ತೀರ್ಪದು. ಸಭೆ ನಕ್ಕ ಗಳಿಗೆಯಲ್ಲಿ ಯಾರ ಬಾಯಲ್ಲಿ ಮಾತಿರುತ್ತದೆಯೋ ಅವರಿಗೆ ನಾಯಕನು ತನ್ನ ತಟ್ಟೆಯಿಂದ ಒಂದೇ ಒಂದು ವೀಳ್ಯದೆಲೆ ತೆಗೆದು, ಅಡಿಕೆ ಹೋಳಿಟ್ಟು, ಸ್ವಂತ ಕೈಯಿಂದ ಕೊಡಬೇಕು. ಹೊಲ ಕೊಟ್ಟರೆ ಮಕ್ಕಳು ಹಂಚಿಕೊಳ್ಳುತ್ತಾರೆ, ಶಾಲು ಕೊಟ್ಟರೆ ಹುಳ ತಿನ್ನುತ್ತದೆ. ನಾಯಕನ ಎಲೆಯೆಂದರೆ ಅದು ಅಂದಿನ ಗೆಲುವು, ಮರುದಿನ ಬಾವಿಕಟ್ಟೆಯಲ್ಲಿ ಮಾತಾಡಿಕೊಳ್ಳುವ ಹೆಸರು. ಕಟ್ಟಳೆಯೇನೋ ನೇರವಾಗಿತ್ತು. ಆದರೆ ಶ್ಲೇಷೆಯ ಪದ್ಯಕ್ಕೆ ಒಂದು ಗುಣವಿದೆ. ಹಾಡಿದಾಗ ಸಭೆಗೆ ಹೊರಗಿನ ಅರ್ಥ ಮಾತ್ರ ಕೇಳಿಸುತ್ತದೆ, ಒಳಗಿನದು ಬಿಡಿಸಿದ ಮೇಲೆ ಬರುತ್ತದೆ, ನಗುವೂ ಅದರ ಜೊತೆಗೇ ಬರುತ್ತದೆ. ಹಾಗಾಗಿ ಪದ್ಯ ರೇವಯ್ಯನದಾದರೂ ಸಭೆ ನಗುವ ಹೊತ್ತಿಗೆ ಮಾತು ಇರುತ್ತಿದ್ದುದು ಅಡಿವೆಯ್ಯನ ಬಾಯಲ್ಲಿ. ವರ್ಷ ವರ್ಷವೂ ಎಲೆ ಅಡಿವೆಯ್ಯನ ಕೈಗೇ ಹೋಯಿತು.

ಅಡಿವೆಯ್ಯ ಬಿಡಿಸುತ್ತಿದ್ದ ರೀತಿಯನ್ನು ನಮ್ಮ ಹಿರಿಯರು ಮಾಡಿ ತೋರಿಸುತ್ತಿದ್ದರು. ರೇವಯ್ಯ ಇನ್ನೂ ಸುಲಭದ ಪದ್ಯ ಕಟ್ಟುತ್ತಿದ್ದ ಮೊದಲ ದಿನಗಳಲ್ಲಿ ನಾಯಕನನ್ನು ಕುರಿತು 'ಬೇಡಿದವರಿಗೆ ಬೇಡವೆನ್ನದ ಬೇಡ' ಎಂದು ಹಾಡಿದನಂತೆ. ಅಡಿವೆಯ್ಯ ಎದ್ದು ನಿಂತು ತಲೆ ಕೆರೆದುಕೊಂಡ. "ಬೇಡಿದವರಿಗೆ, ಅಂದ್ರ ಕೇಳಿದವರಿಗೆ. ಬೇಡವೆನ್ನದ, ಅಂದ್ರ ಒಲ್ಲೆ ಅನ್ನದ. ಇಲ್ಲೀತನಕ ತಿಳೀತು. ಕಡೀಗೆ ಮತ್ತೊಂದು ಬೇಡ ಯಾಕ ಬಂತು? ನಮ್ಮ ಕವಿ ತೊದಲಿದನೋ ಏನೋ" ಎಂದು ಸಭೆಯ ಮುಖ ನೋಡುತ್ತ, ಕಂಬದಿಂದ ಕಂಬಕ್ಕೆ ಕಣ್ಣು ಹಾಯಿಸುತ್ತ, ಕೊನೆಗೆ ಬೇಡರ ದೊರೆಯ ಮುಖದ ಮೇಲೆ ಕಣ್ಣಿಟ್ಟು ಬಾಯಿ ತೆರೆದು ಸುಮ್ಮನೆ ನಿಂತ. ಅವನು ಮುಂದಿನ ಮಾತು ಆಡುವ ಮೊದಲೇ ಸಭೆಗೆ ಹೊಳೆದುಬಿಟ್ಟಿತು. ನಾಯಕನೇ ಮೊದಲು ನಕ್ಕ. ಇದೇ ಅವನ ಜಾಣತನ. ತಾನು ತಿಳಿದವನೆಂದು ತೋರಿಸಿಕೊಳ್ಳುತ್ತಿರಲಿಲ್ಲ. ಸಭೆಯ ಜೊತೆಗೇ ದಾರಿ ತಪ್ಪಿ, ಜೊತೆಗೇ ತಡವಿ, ಅವರು ತನಗಿಂತ ಅರೆಗಳಿಗೆ ಮುಂದೆ ಹೋಗಿ ಮುಟ್ಟುವಂತೆ ಮಾಡುತ್ತಿದ್ದ. ಅರ್ಥವನ್ನು ತಾವೇ ಕಂಡುಕೊಂಡೆವೆಂಬ ಸಂತೋಷಕ್ಕೆ ಜನ ನಗುತ್ತಿದ್ದರು.

ಸಭೆ ಮುಗಿದು ಇಬ್ಬರೂ ಗುಡ್ಡ ಇಳಿಯುವಾಗ ಈ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಅಡಿವೆಯ್ಯ ಮಡಿಲಿನಿಂದ ಎಲೆ ತೆಗೆದು ನರದುದ್ದಕ್ಕೂ ಹರಿದು, ಅಡಿಕೆಯನ್ನು ಹಲ್ಲಿನಿಂದ ಎರಡು ಮಾಡಿ, ಅರ್ಧವನ್ನು ಗೆಳೆಯನಿಗೆ ಕೊಡುತ್ತಿದ್ದ. ಒಂದು ವರ್ಷವೂ ತಪ್ಪಲಿಲ್ಲ. ರೇವಯ್ಯ ತೆಗೆದುಕೊಳ್ಳುತ್ತಿದ್ದ, ಅಗಿಯುತ್ತಿದ್ದ, ಆದರೆ ಅದು ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪದ್ಯ ನನ್ನದು, ನಿದ್ದೆಗೆಟ್ಟವನು ನಾನು, ಅಂಥದ್ದರಲ್ಲಿ ನನ್ನ ಎಲೆಯನ್ನು ನನಗೇ ಅರ್ಧ ಮಾಡಿ ಕೊಡುತ್ತಾನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅಡಿವೆಯ್ಯ ಕೊಡದೇ ಇದ್ದಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಕೊಡುತ್ತಿದ್ದನಾದ್ದರಿಂದ ಬೈಯಲೂ ಬಾಯಿಲ್ಲ. ಬಾವಿಕಟ್ಟೆಯ ಹೆಂಗಸರು 'ನಿನ್ನೆ ಅಡಿವೆಯ್ಯ ಎಷ್ಟು ಚೆಂದ ಹೇಳಿದ' ಎನ್ನುವುದು ಕಿವಿಗೆ ಬಿದ್ದರೆ ರೇವಯ್ಯ ದಾರಿ ಬದಲಿಸಿ ಹೋಗುತ್ತಿದ್ದ. ಒಂದೇ ಒಂದು ಸಲ ಇಡೀ ಎಲೆ ನನ್ನ ಕೈಗೆ ಬರಬೇಕು ಎಂಬುದಷ್ಟೇ ಅವನ ಮನಸ್ಸಿನಲ್ಲಿ ಉಳಿಯಿತು. ಹೆಂಡತಿ ಮಕ್ಕಳ ಮಾತು ಸಹ ಅವನಿಗೆ ಅರ್ಧವೇ ಕೇಳಿಸುತ್ತಿತ್ತು ಎನ್ನುತ್ತಾರೆ.

ಮೊದಲು ಅವನು ಪದ್ಯಗಳನ್ನು ಕಠಿಣ ಮಾಡುತ್ತ ಹೋದ. ಅಡಿವೆಯ್ಯ ಒಂದು ಸಲವಾದರೂ ಬಿಡಿಸಲಾರದೆ ಸಭೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕು, ಆಗ ಕವಿ ಯಾರು ಬಿಡಿಸುವವನು ಯಾರು ಎಂಬುದು ಜನರಿಗೆ ಗೊತ್ತಾಗಬೇಕು ಎಂಬ ಆಸೆ. ಮೂಲೆಯ ಪದ, ಮರೆತ ಪದ, ಸಂಸ್ಕೃತ ಒಂದು ಕಡೆ ಎಳೆದರೆ ಕನ್ನಡ ಇನ್ನೊಂದು ಕಡೆ ಎಳೆಯುವ ಸಮಾಸ, ಎಲ್ಲವನ್ನೂ ತಂದು ತುರುಕಿದ. ಪದ್ಯ ಕಠಿಣವಾದಷ್ಟೂ ಅಡಿವೆಯ್ಯ ಹೆಚ್ಚು ಹೊತ್ತು ದಾರಿ ತಪ್ಪಿದ, ಸಭೆ ಅವನೊಡನೆ ಹೆಚ್ಚು ದೂರ ಅಲೆಯಿತು, ಕೊನೆಗೆ ಮುಟ್ಟಿದಾಗ ನಗು ಇನ್ನೂ ಜೋರಾಗಿ ಬಂತು. ರೇವಯ್ಯ ರಾತ್ರಿಯೆಲ್ಲ ಕೂತು ಗೆಳೆಯನಿಗೇ ಚಪ್ಪರ ಹಾಕಿ ಕೊಟ್ಟಂತಾಯಿತು. ಹಾಗೆ ನೋಡಿದರೆ ಹೊಟ್ಟೆಕಿಚ್ಚು ಅಡಿವೆಯ್ಯನಿಗೂ ಇರಲಿಲ್ಲವೆಂದಲ್ಲ. ಅವನು ಹೊಳೆಯ ದಂಡೆಯಲ್ಲಿ ಒಬ್ಬನೇ ಕೂತು ಮರಳ ಮೇಲೆ ಬೆರಳಿನಿಂದ ಏನೋ ಬರೆದು ಅಳಿಸುವುದನ್ನು ದನ ಕಾಯುವವರು ಕಂಡಿದ್ದರಂತೆ. ಒಂದು ಪದ್ಯ, ಬೇಡ, ಒಂದು ಸಾಲು ತನ್ನದೆಂದು ಹುಟ್ಟಿದ್ದರೆ ನಾಯಕನ ಎಲೆಗಳನ್ನೆಲ್ಲ ಅವನು ಬಿಟ್ಟುಕೊಡುತ್ತಿದ್ದ. ಅದು ಹುಟ್ಟಲಿಲ್ಲ. ಗೆಳೆಯನೊಡನೆ ಎಲೆ ಹರಿದು ತಿನ್ನುವಾಗ ಮಾತ್ರ ಆ ಪದ್ಯದಲ್ಲಿ ಅರ್ಧ ತನಗೂ ಸೇರಿದೆ ಎಂದು ಅನಿಸುತ್ತಿತ್ತಂತೆ. ಇದು ರೇವಯ್ಯನಿಗೆ ತಿಳಿದಿರಲಿಲ್ಲ. ಮಾತಿನೊಳಗೆ ಮಾತು ಅಡಗಿಸಿಟ್ಟವನು ಎದುರಿಗೆ ಕುಳಿತವನ ಮನಸ್ಸಿನೊಳಗೆ ಏನಿದೆಯೆಂದು ನೋಡಲಿಲ್ಲ.

ಒಂದು ವರ್ಷ ನಾಯಕ ಊರಿನ ಕೆಳಗೆ ಹೊಸ ಕೆರೆ ಕಟ್ಟಿಸಿದ. ಆ ಕೆರೆಯ ಮೇಲೆ ರೇವಯ್ಯ ತನ್ನ ಜೀವಮಾನದ ಪದ್ಯ ಕಟ್ಟಿದ. ಹೊರಗಿನಿಂದ ನೋಡಿದರೆ ಗಂಗೆ ಶಿವನ ಜಡೆಯೇರಿದ ಕತೆ, ಒಳಗಿನಿಂದ ನೋಡಿದರೆ ಹಳ್ಳದ ನೀರು ಕೆರೆಯಲ್ಲಿ ನಿಂತ ಕತೆ. ನವರಾತ್ರಿಗೆ ಮೊದಲು ಅವನು ನಾಯಕನ ಮುಂದೆ ಹೋಗಿ ನಿಂತ. ಅಡಿವೆಯ್ಯ ಪದ್ಯದಲ್ಲಿಲ್ಲದ್ದನ್ನು ಸೇರಿಸಿ ಹೇಳುತ್ತಾನೆ, ಸಭೆಯನ್ನು ನಗಿಸಲಿಕ್ಕೆ ನನ್ನ ಮಾತನ್ನು ಕೆಡಿಸುತ್ತಾನೆ, ಈ ಸಲ ಅವನು ಬಾಯಿ ತೆರೆಯಬಾರದೆಂದು ಅಪ್ಪಣೆಯಾಗಬೇಕು ಎಂದ. ನಾಯಕ ಅವನನ್ನೇ ಕೇಳಿದ.

"ನಿನ್ನ ಮಾತು ನೀನ ಬಿಡಸ್ತೀಯೇನು?"

"ಬಿಡಸ್ತೀನ್ರಿ, ದೊರಿ. ಕಟ್ಟಿದವನಿಗೆ ಬಿಚ್ಚಾಕ ಬರಾಂಗಿಲ್ಲೇನ್ರಿ?"

ನಾಯಕ ಒಲ್ಲದ ಮನಸ್ಸಿನಿಂದ ಒಪ್ಪಿದ. ಅಪ್ಪಣೆ ಅಡಿವೆಯ್ಯನಿಗೆ ಮುಟ್ಟಿತು. ಅವನು ಯಾಕೆಂದು ಕೇಳಲಿಲ್ಲ. ಸಭೆಗೆ ಬರಬೇಡವೆಂದೇನೂ ಹೇಳಿರಲಿಲ್ಲವಾದ್ದರಿಂದ ಆ ಸಂಜೆ ಬಂದು ಹಿಂದಿನ ಕಂಬಕ್ಕೊರಗಿ ಕುಳಿತ. ರೇವಯ್ಯ ಹಾಡಿದ. ಅವನ ಕಂಠ ಚೆನ್ನಾಗಿತ್ತು, ಪದ್ಯ ಅದಕ್ಕಿಂತ ಚೆನ್ನಾಗಿತ್ತು. ಸಭೆ ಎಂದಿನಂತೆ ಬಿಡಿಸುವವನಿಗಾಗಿ ಕಾಯಿತು. ಆಗ ರೇವಯ್ಯನೇ ಶುರು ಮಾಡಿದ. 'ಏರಿ ನಿಂತಳು ಗಂಗೆ' ಎಂಬಲ್ಲಿ ಏರಿ ಎಂದರೆ ಹತ್ತಿ ಎಂದರ್ಥ, ಏರಿ ಎಂದರೆ ಕೆರೆಯ ಕಟ್ಟೆಯೂ ಹೌದು, ಹೀಗಾಗಿ ಇಲ್ಲಿ ಎರಡು ಅರ್ಥ ಎಂದ. ಸಭೆ ತಲೆಯಾಡಿಸಿತು. ಅವನು ಮುಂದಿನ ಪದಕ್ಕೆ ಹೋದ. ಒಂದೊಂದನ್ನೂ ಎತ್ತಿ ಹಿಡಿದು, ಇದು ಹೊರಗಿನದು, ಇದು ಒಳಗಿನದು, ಇದನ್ನು ಕೂಡಿಸಲು ನನಗೆ ಎಷ್ಟು ಕಷ್ಟವಾಯಿತು ನೋಡಿರಿ ಎಂದು ತಿಳಿಹೇಳಿದ. ತಪ್ಪೇನೂ ಹೇಳಲಿಲ್ಲ. ಆದರೆ ಅವನು ಸಭೆಯನ್ನು ಎಲ್ಲಿಯೂ ದಾರಿ ತಪ್ಪಲು ಬಿಡಲಿಲ್ಲ, ಎಲ್ಲ ಬಾಗಿಲುಗಳನ್ನೂ ತಾನೇ ತೆರೆದು ಒಳಗೆ ನಿಂತುಕೊಂಡ. ಜನ ಪಾಠ ಕೇಳುವ ಮಕ್ಕಳಂತೆ ಕೂತಿದ್ದರು. ಹಿಂದೆ ಯಾರೋ ಆಕಳಿಸಿದರು. ರೇವಯ್ಯ ಇನ್ನಷ್ಟು ಬಿಡಿಸತೊಡಗಿದ.

ಆಗ ಹಿಂದಿನ ಕಂಬದ ಬುಡದಲ್ಲಿ ಒಂದು ಸದ್ದಾಯಿತು. ಅಡಿವೆಯ್ಯನಿಗೆ ಪದ್ಯ ಹಾಡುವಾಗಲೇ ಇಡಿಯಾಗಿ ಹೊಳೆದುಬಿಟ್ಟಿತ್ತು. ಇಷ್ಟು ಚೆಂದದ್ದನ್ನು ಅವನು ಎಂದೂ ಕೇಳಿರಲಿಲ್ಲ. ಬಾಯಿ ತೆರೆಯಬಾರದೆಂಬ ಅಪ್ಪಣೆಗೆ ಹೆದರಿ ಹೊದ್ದ ವಸ್ತ್ರದ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದ. ಈಗ ತಡೆಯಲಾಗದೆ ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ಪಕ್ಕದವನು ಅವನನ್ನು ನೋಡಿ ನಕ್ಕ. ಅವನನ್ನು ನೋಡಿ ಇನ್ನೊಬ್ಬ. ನೋಡುನೋಡುತ್ತ ಇಡೀ ಚಾವಡಿ ನಕ್ಕಿತು, ನಾಯಕನೂ ನಕ್ಕ. ಆ ಗಳಿಗೆಯಲ್ಲಿ ಮಾತು ಇದ್ದುದು ರೇವಯ್ಯನ ಬಾಯಲ್ಲಿ. ಕಟ್ಟಳೆ ಕಟ್ಟಳೆಯೇ. ನಾಯಕ ತಟ್ಟೆಯಿಂದ ಎಲೆ ತೆಗೆದು, ಅಡಿಕೆಯಿಟ್ಟು ಅವನ ಕೈಗೆ ಕೊಟ್ಟ. ಇಡೀ ಎಲೆ.

ಸಭೆ ನಕ್ಕದ್ದು ತನ್ನ ಪದ್ಯಕ್ಕಲ್ಲ, ಅಡಿವೆಯ್ಯನ ನಗುವಿಗೆ ಎಂಬುದು ರೇವಯ್ಯನಿಗೆ ತಿಳಿಯದೇ ಇರಲಿಲ್ಲ. ಬಾಯಿ ಕಟ್ಟಿಹಾಕಿದರೂ ಗೆಲ್ಲಿಸಿದವನು ಅವನೇ. ಎಲೆಯನ್ನು ಮುಷ್ಟಿಯಲ್ಲಿ ಹಿಡಿದು ರೇವಯ್ಯ ಬಿರಬಿರನೆ ಗುಡ್ಡ ಇಳಿದ. ಅಡಿವೆಯ್ಯ ಅವನಿಗಿಂತ ಮೊದಲೇ ಬಂದು ಬಂಡೆಯ ಮೇಲೆ ತನ್ನ ಜಾಗದಲ್ಲಿ ಕುಳಿತಿದ್ದ, ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ. "ಗೆದ್ದಿ ನೋಡು ರೇವಯ್ಯ. ಈ ಸಲ ಹರಿಯೋ ಪಾಳಿ ನಿಂದು" ಎಂದು ಕೈ ಚಾಚಿದ. ರೇವಯ್ಯ ಎದುರಿಗೆ ಕುಳಿತ. ಅಷ್ಟು ವರ್ಷ ಕಾದ ಎಲೆ ಅವನ ಕೈಯಲ್ಲಿತ್ತು. ಹರಿಯಲು ಬೆರಳು ಏಳಲಿಲ್ಲ. ಅವನು ಅಡಿಕೆಯ ಸಮೇತ ಎಲೆಯನ್ನು ಮಡಚಿ ಇಡಿಯಾಗಿ ಬಾಯಿಗಿಟ್ಟುಕೊಂಡ. ಗೆಳೆಯನ ಮುಖ ನೋಡುತ್ತಲೇ ಅಗಿದ. ಅಡಿವೆಯ್ಯನ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿತ್ತು, ಎಲೆ ಇನ್ನೂ ಬರಬಹುದು ಎಂಬಂತೆ. ಆಮೇಲೆ ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಧೋತರಕ್ಕೆ ಒರೆಸಿಕೊಂಡು, ಎದ್ದು ಹೋದ. ಮರುದಿನ ಬೆಳಗ್ಗೆ ಅವನು ಊರಿನಲ್ಲಿರಲಿಲ್ಲ.

ಮುಂದಿನ ನವರಾತ್ರಿಗೆ ರೇವಯ್ಯ ಹಾಡಿದ, ಯಾರೂ ನಗಲಿಲ್ಲ, ಎಲೆ ತಟ್ಟೆಯಲ್ಲೇ ಬಾಡಿತು. ಅದರ ಮುಂದಿನ ವರ್ಷವೂ ಹಾಗೆಯೇ ಆಯಿತು. ನಾಯಕ ಸಭೆಗೆ ಬೇರೆ ಕಡೆಯಿಂದ ಕುಣಿಯುವವರನ್ನು ಕರೆಸತೊಡಗಿದ. ಯಾರಾದರೂ ದಾರಿಯಲ್ಲಿ ನಿಲ್ಲಿಸಿ ಹಳೆಯ ಪದ್ಯವೊಂದರ ಅರ್ಥ ಕೇಳಿದರೆ ರೇವಯ್ಯ ಹೇಳಲು ಬಾಯಿ ತೆರೆದು, ಹೇಳುವುದನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಹೀಗಿರುವಾಗ ಕೋಟೆಹಾಳಿನಿಂದ ಬಂದ ಬಳೆಗಾರನೊಬ್ಬ ಸುದ್ದಿ ತಂದ. ಕೋಟೆಹಾಳು ನಮ್ಮಿಂದ ಒಂದು ಹೊತ್ತಿನ ನಡಿಗೆ, ಹೊಳೆಯಾಚೆ. ಅಡಿವೆಯ್ಯ ಅಲ್ಲಿನ ಮಠದಲ್ಲಿದ್ದಾನೆ, ದಿನಾ ದೀಪ ಹಚ್ಚುವ ಹೊತ್ತಿಗೆ ಪದ್ಯ ಬಿಡಿಸುತ್ತಾನೆ, ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತದೆ ಎಂದ. ಯಾರ ಪದ್ಯ ಎಂದು ರೇವಯ್ಯ ಕೇಳಿದ. "ನಿಮ್ಮವೇ ಅಲ್ರಿ, ಅಯ್ಯಾರ" ಎಂದ ಬಳೆಗಾರ.

ತನ್ನ ಪದ್ಯಕ್ಕೆ ತಾನಿಲ್ಲದ ಊರಿನಲ್ಲಿ ಜನ ನಗುತ್ತಾರೆ ಎಂಬುದನ್ನು ರೇವಯ್ಯನಿಗೆ ಸಹಿಸಲಾಗಲಿಲ್ಲ. ಅಂದೇ ಹೊರಟ. ಸಂಜೆಗೆ ಕೋಟೆಹಾಳು ಮುಟ್ಟಿ ಮಠದ ಎದುರಿನ ಬೇವಿನಮರದ ಮರೆಯಲ್ಲಿ ನಿಂತ. ಒಳಗೆ ಅಡಿವೆಯ್ಯ ಕೆರೆಯ ಪದ್ಯವನ್ನೇ ಹೇಳುತ್ತಿದ್ದ. ಒಂದೇ ಸಲ ಕೇಳಿದ್ದು, ಒಂದಕ್ಷರ ಬಿಟ್ಟಿರಲಿಲ್ಲ. "ಏರಿ ನಿಂತಳಂತ ಗಂಗವ್ವ. ಅಷ್ಟು ಎತ್ತರ ಏರಿದಾಕಿ ಎಲ್ಲಿ ನಿಂತಿರಬೇಕು? ನಿಲ್ಲಾಕ ಒಂದು ಜಾಗಾ ಬೇಕಲ್ಲ" ಎಂದು ತಡವರಿಸುತ್ತ ಕತ್ತು ಹೊರಳಿಸಿ ಆ ಊರಿನ ಕೆರೆಯಿರುವ ದಿಕ್ಕಿಗೆ ನೋಡಿದ. ಒಬ್ಬ ಹುಡುಗಿ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ರೇವಯ್ಯ ಜೀವಮಾನವೆಲ್ಲ ಬಯಸಿದ ನಗು ಅದು, ಅವನ ಪದ್ಯಕ್ಕೇ ಬಂದದ್ದು, ಗೋಡೆಯಾಚೆ ಬಂತು. ಮಠದ ಸ್ವಾಮಿಗಳು ಅಡಿವೆಯ್ಯನಿಗೆ ಒಂದು ಎಲೆ ಕೊಟ್ಟರು. ಅವನು ಅದನ್ನು ನರದುದ್ದಕ್ಕೂ ಹರಿದು ಅರ್ಧವನ್ನು ಪಕ್ಕದಲ್ಲಿ ಖಾಲಿಯಿದ್ದ ಮಣೆಯ ಮೇಲಿಟ್ಟು, "ಇದು ಕಟ್ಟಿದವನ ಪಾಲು" ಎಂದ. ದಿನಾ ಹಾಗೆ ಮಾಡುತ್ತಿದ್ದನೆಂದು ಕಾಣುತ್ತದೆ, ಯಾರಿಗೂ ಅಚ್ಚರಿಯಾಗಲಿಲ್ಲ. ಹೊಸಬನೊಬ್ಬ ಮಾತ್ರ "ಅವ್ರು ಬರ್ತಾರೇನ್ರಿ?" ಎಂದು ಕೇಳಿದ. ಅಡಿವೆಯ್ಯ "ಬಂದ್ರ ಬರಬಹುದು. ಬಾಗಲಾ ತಗದೈತಿ" ಎಂದ.

ಬಾಗಿಲು ನಿಜಕ್ಕೂ ತೆರೆದಿತ್ತು, ಮರದಿಂದ ಹೊಸ್ತಿಲಿಗೆ ಬಹಳ ದೂರವೂ ಇರಲಿಲ್ಲ. ಆದರೆ ಒಳಗೆ ಹೋದರೆ ಆ ಅರ್ಧ ಎಲೆಗಾಗಿ ಕೈ ಚಾಚಬೇಕಿತ್ತು. ಬಂಡೆಯ ಮೇಲೆ ಚಾಚಿಕೊಂಡೇ ಇದ್ದ ಆ ಇನ್ನೊಂದು ಕೈ ರೇವಯ್ಯನ ಕಣ್ಣಿಗೆ ಕಟ್ಟಿತು. ಎಲ್ಲರೂ ಎದ್ದುಹೋಗಿ ಮಣೆಯ ಮೇಲೆ ಎಲೆಯೊಂದೇ ಉಳಿಯುವವರೆಗೆ ಅವನು ಅಲ್ಲಿಯೇ ನಿಂತಿದ್ದು ಊರಿಗೆ ಮರಳಿದ. ಅಂದಿನಿಂದ ಸಾಯುವವರೆಗೆ ಅವನು ದಿನಾ ಬಂಡೆಯ ಮೇಲೆ ಬಂದು ಕೂತು, ಒಂದು ಎಲೆ ಹರಿದು, ಅರ್ಧವನ್ನು ಎದುರಿನ ತಗ್ಗಿನಲ್ಲಿಟ್ಟು, ಉಳಿದರ್ಧವನ್ನು ಕೈಯಲ್ಲಿ ಹಿಡಿದು ಕತ್ತಲಾಗುವ ತನಕ ಕಾಯುತ್ತಿದ್ದ. ಅದನ್ನು ಕಂಡ ಜನ ಬಂಡೆಗೆ ಅರೆವೀಳ್ಯದ ಬಂಡೆ ಎಂದು ಹೆಸರಿಟ್ಟರು. ಹೊಳೆಯ ಆಚೆ ಒಬ್ಬ, ಈಚೆ ಒಬ್ಬ, ಇಬ್ಬರೂ ದಿನಕ್ಕೊಂದು ಎಲೆ ಹರಿದರು, ಇಬ್ಬರ ಪಾಲೂ ಒಣಗಿತು.

ಈಗ ಅಡಿವೆಯ್ಯನ ಗದ್ದುಗೆ ಇರುವುದು ಕೋಟೆಹಾಳಿನಲ್ಲಿ. ಅವರು ಅದಕ್ಕೆ ಅಮೃತಶಿಲೆ ಹಾಕಿಸಿದ್ದಾರೆ. ರೇವಯ್ಯನ ಪದ್ಯಗಳೂ ಅವರ ಬಾಯಲ್ಲೇ ಉಳಿದಿವೆ, ನಮ್ಮಲ್ಲಿ ಯಾರಿಗೂ ಬಾರವು. ಹಂಚಿ ತಿಂದವನು ಅವರ ಪಾಲಿಗೆ ಬಂದ, ಒಬ್ಬನೇ ತಿಂದವನು ನಮ್ಮ ಪಾಲಿಗೆ ಉಳಿದ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಆದರೂ ನವರಾತ್ರಿಯ ಕೊನೆಯ ಸಂಜೆ ನಮ್ಮ ಗುಡ್ಡಕ್ಕೆ ಬಂದವರು ಒಂದು ಸಂಗತಿಯನ್ನು ನೋಡಬಹುದು. ಕೋಟೆಹಾಳಿನ ಹಿರಿಯರೊಬ್ಬರು ಹೊಳೆ ದಾಟಿ ಬಂದು ಬಂಡೆಯ ಮೇಲೆ ಅಡಿವೆಯ್ಯನ ತಗ್ಗಿನಲ್ಲಿ ಕುಳಿತು, ಮಾತಾಡದೆ ಕೈ ಚಾಚುತ್ತಾರೆ. ಎದುರಿಗೆ ಕುಳಿತ ನಮ್ಮೂರಿನವರು ಎಲೆ ಹರಿದು ಕೊಡಬೇಕು. ಆ ಕೈಯನ್ನು ಒಂದು ಗಳಿಗೆಯೂ ಕಾಯಿಸಬಾರದೆಂದು ಕಟ್ಟಳೆಯಿದೆ, ಯಾರೂ ಕಾಯಿಸಿದ್ದಿಲ್ಲ. ಎಲೆ ಹರಿದಾಗ ದೊಡ್ಡ ಅರ್ಧ ಯಾವ ಕಡೆಗೆ ಹೋಯಿತೆಂದು ಸುತ್ತ ನಿಂತ ಎರಡೂ ಊರಿನ ಜನ ಕತ್ತು ಚಾಚಿ ನೋಡುತ್ತಾರೆ.